ಭಾರ ಹೊತ್ತ ಗಾಲಿ, ಹಗುರಾದ ಪೆಡಲು

ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಹೊರಟಾಗ ಜನರ ಕಣ್ಣೆಲ್ಲ ಕಳಸದ ಮೇಲೆ. ಉತ್ತತ್ತಿ ಎಸೆಯುವ ಕೈಗಳೂ ಅತ್ತಲೇ. ಗಾಲಿಯ ಮಗ್ಗುಲಲ್ಲಿ ಬಗ್ಗಿ ನಡೆಯುವ ನಾಲ್ಕಾರು ಮಂದಿಯ ಮೇಲೆ ಯಾರ ನೋಟವೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವರ ಕೈಯಲ್ಲಿ ಸನ್ನಿ ಇರುತ್ತದೆ, ಅಂದರೆ ಗಾಲಿಯಡಿ ಕೊಡುವ ದಪ್ಪನೆಯ ಮರದ ತುಂಡು. ತೇರು ಒಂದು ಕಡೆಗೆ ವಾಲಿದರೆ, ನೆಲ ಇಳುಕಲಾದರೆ, ನಿಲ್ಲಿಸಿರೆಂಬ ಕೂಗು ಬಂದರೆ ಆ ತುಂಡು ಸರಿಯಾದ ಗಳಿಗೆಗೆ ಸರಿಯಾದ ಜಾಗಕ್ಕೆ ಬೀಳಬೇಕು. ಸಾವಿರಾರು ಮಂದಿ ಹಗ್ಗ ಹಿಡಿದು ಎಳೆದ ಭಾರವನ್ನು ನಿಲ್ಲಿಸುವ ಹೊಣೆ ಈ ನಾಲ್ಕಾರು ಮಂದಿಯದು. ಕೈ ಒಂದು ಕ್ಷಣ ತಡವಾಯಿತೋ, ಜೀವ ಹೋಯಿತು.

ಗಾಲಿಯ ಚರಿತ್ರೆ ಉದ್ದಕ್ಕೂ ಹೀಗೇ ನಡೆದಿದೆ. ಭಾರ ಎಳೆಯುವ ಉಪಾಯ ಮೊದಲು ಬಂತು, ಅದನ್ನು ತಡೆಯುವ ಉಪಾಯ ತಡವಾಗಿ ಬಂತು. ಇಳಕಲ್ಲಿನಿಂದ ಬಾದಾಮಿ ಕಡೆಗೆ ಹೋಗುವ ದಾರಿಯ ಗುಡೂರಿನಂಥ ಊರಿನಲ್ಲಿ ನಿಂತು ನೋಡಿದರೆ ಈ ಚರಿತ್ರೆಯ ಎಲ್ಲ ಕಾಲಗಳೂ ಒಂದೇ ರಸ್ತೆಯ ಮೇಲೆ ಕಾಣುತ್ತವೆ. ಹೊಲಕ್ಕೆ ಹೊರಟ ಚಕ್ಕಡಿ, ಮಗ್ಗದ ಮನೆಗಳಿಗೆ ನೂಲು ತರುವ ಟಂಟಂ, ಐಹೊಳೆ ಪಟ್ಟದಕಲ್ಲು ನೋಡಲು ಬಂದವರ ಕಾರು, ಮದುವೆ ದಿಬ್ಬಣದ ಕ್ರೂಸರ್, ಇಳಕಲ್ಲಿನ ಕೆಂಪು ಗ್ರಾನೈಟ್ ಹೊತ್ತ ಲಾರಿ, ಕಬ್ಬಿನ ಟ್ರ್ಯಾಕ್ಟರು. ಇವುಗಳ ಭಾರ ಬೇರೆ ಬೇರೆ, ನಿಲ್ಲುವ ಬಗೆಯೂ ಬೇರೆ ಬೇರೆ.

ಚಕ್ಕಡಿಗೆ ಬ್ರೇಕ್ ಎಂದರೆ ಎತ್ತಿನ ಕೊರಳು. ಇಳುಕಲಿನಲ್ಲಿ ನೊಗ ಮುಂದಕ್ಕೆ ಜಾರಿ ಕೊಂಬಿನ ಬುಡಕ್ಕೆ ಬರುತ್ತದೆ. ಎತ್ತು ತಲೆ ಎತ್ತಿ, ಹಿಂಗಾಲು ಊರಿ, ಹಿಂದಿನಿಂದ ನೂಕಿ ಬರುವ ಬಂಡಿಯನ್ನು ಮೈಯಿಂದಲೇ ತಡೆಯುತ್ತದೆ. ಕೆಲವು ಬಂಡಿಗಳಲ್ಲಿ ಗಾಲಿಗೆ ಅಡ್ಡವಾಗಿ ಒಂದು ತೊಲೆ ಕಟ್ಟಿ, ಹಗ್ಗ ಎಳೆದರೆ ಅದು ಗಾಲಿಗೆ ಒತ್ತಿಕೊಳ್ಳುವಂತೆ ಮಾಡುತ್ತಿದ್ದರು. ಕಬ್ಬಿಣದ ಪಟ್ಟಿಯ ಹಳೆಯ ಗಾಲಿ ತಾನಾಗಿಯೇ ನೆಲಕ್ಕೆ ತಿಕ್ಕಿ ನಿಲ್ಲುವ ಗುಣದ್ದು. ಆಮೇಲೆ ಟಯರ್ ಬಂಡಿ ಬಂತು. ಗಾಲಿ ಹಗುರಾಗಿ ಉರುಳಿತು, ರೈತ ಹೇರು ಹೆಚ್ಚಿಸಿದ. ಸಮನೆಲದಲ್ಲಿ ಎತ್ತಿಗೆ ಆರಾಮ, ಇಳುಕಲಿನಲ್ಲಿ ಅದರ ಕೊರಳಿಗೆ ಮೊದಲಿಗಿಂತ ಹೆಚ್ಚು ಹೊರೆ. ಎಳೆತವನ್ನು ಸುಲಭ ಮಾಡಿದ ಸುಧಾರಣೆ ತಡೆಯುವ ಕೆಲಸವನ್ನು ಕಠಿಣ ಮಾಡಿತು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಎತ್ತಿನ ಬಂಡಿಯನ್ನು ಗಂಭೀರ ವಿಷಯವಾಗಿ ತೆಗೆದುಕೊಂಡ ಅಪರೂಪದ ಮನುಷ್ಯ. ನೊಗ ಬದಲಾಗಬೇಕು, ಬಂಡಿಯ ರಚನೆ ಬದಲಾಗಬೇಕು, ಎತ್ತಿನ ಮೈಮೇಲಿನ ಪೆಟ್ಟು ಕಡಿಮೆಯಾಗಬೇಕು ಎಂದು ವರ್ಷಗಟ್ಟಲೆ ಹೇಳಿದರು. ಅವರ ಮಾತಿಗೆ ಸಿಗಬೇಕಾದಷ್ಟು ಕಿವಿ ಸಿಗಲಿಲ್ಲ ಎಂಬುದು ನನ್ನ ಕೊರಗು.

ಎಂಜಿನ್ನಿನ ಗಾಲಿ ಈ ಸೀಮೆಗೆ ಮೊದಲು ಬಂದದ್ದು ರೈಲಿನ ರೂಪದಲ್ಲಿ. ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಾಪುರದ ಮೇಲೆ ಹೊಟಗಿಗೆ ಹೋಗುವ ಮೀಟರ್ ಗೇಜ್ ದಾರಿ 1884ರ ಸುಮಾರಿಗೆ ತೆರೆಯಿತು. ಉದ್ದದ ಗಾಡಿಯ ಪ್ರತಿ ಡಬ್ಬಿಗೂ ಏಕಕಾಲಕ್ಕೆ ಬ್ರೇಕ್ ಹತ್ತಬೇಕೆಂಬ ಪ್ರಶ್ನೆಗೆ ರೈಲಿನವರು ಗಾಳಿಯಿಂದ ಉತ್ತರ ಕಂಡುಕೊಂಡರು. ನಮ್ಮ ಮೀಟರ್ ಗೇಜಿನಲ್ಲಿ ದೀರ್ಘಕಾಲ ನಡೆದದ್ದು ವ್ಯಾಕ್ಯೂಮ್ ಬ್ರೇಕು. ಕೊಳವೆಯೊಳಗಿನ ಗಾಳಿಯನ್ನು ಎಳೆದುಹಾಕಿ ಶೂನ್ಯ ಮಾಡಿಟ್ಟಿರುತ್ತಾರೆ, ಹೊರಗಿನ ಗಾಳಿ ಒಳಗೆ ನುಗ್ಗಿದೊಡನೆ ಬ್ರೇಕ್ ಬೀಳುತ್ತದೆ. ಇದೇ ಶೂನ್ಯದ ವಿದ್ಯೆ ಬಹಳ ವರ್ಷಗಳ ಮೇಲೆ ಬೇರೆ ರೂಪದಲ್ಲಿ ಕಾರಿನ ಪೆಡಲಿನ ಹಿಂದೆ ಬಂದು ಕೂತಿತು.

ಕಾರು ಬಂದಾಗ ಬ್ರೇಕಿನ ಸ್ಥಿತಿ ದಯನೀಯವಾಗಿತ್ತು. 1908ರಲ್ಲಿ ಹುಟ್ಟಿದ ಫೋರ್ಡಿನ ಮಾಡೆಲ್ ಟಿ ಕಾರನ್ನೇ ತೆಗೆದುಕೊಳ್ಳಿ. ತೂಕ ಬಾಡಿಗೆ ತಕ್ಕಂತೆ ಸುಮಾರು 550ರಿಂದ 750 ಕಿಲೊ, ಇಂದಿನ ಸಣ್ಣ ಕಾರಿಗಿಂತಲೂ ಹಗುರ. ಕಾಲಿನಡಿ ಮೂರು ಪೆಡಲು. ಎಡದ್ದು ಗೇರಿಗೆ, ನಡುವಿನದು ಹಿಂದಕ್ಕೆ ಹೋಗಲು, ಬಲದ್ದು ಬ್ರೇಕಿಗೆ. ಆ ಬ್ರೇಕೂ ಗಾಲಿಗೆ ಹತ್ತುತ್ತಿರಲಿಲ್ಲ, ಗೇರ್ ಬಾಕ್ಸಿನೊಳಗಿನ ಒಂದು ಡ್ರಮ್ಮಿಗೆ ಪಟ್ಟಿ ಬಿಗಿಯುತ್ತಿತ್ತು. ಹಿಂದಿನ ಗಾಲಿಗಳಿಗೆ ಕೈ ಲಿವರ್. ಮುಂದಿನ ಗಾಲಿಗಳಿಗೆ ಏನೂ ಇಲ್ಲ. ಮುಂಗಾಲಿಗೆ ಬ್ರೇಕ್ ಕೊಟ್ಟರೆ ಕಾರು ತಿರುಗಿ ಬೀಳುತ್ತದೆ ಎಂಬ ಭಯ ಆಗ ಬಹಳ ಜನರಿಗಿತ್ತು. ನಿಜ ಸಂಗತಿ ಇದಕ್ಕೆ ತದ್ವಿರುದ್ಧ. ಓಡುವ ಗಾಡಿಯನ್ನು ತಡೆದಾಗ ಭಾರವೆಲ್ಲ ಮುಂದಕ್ಕೆ ಬಾಗುತ್ತದೆ, ಮುಂದಿನ ಟಯರು ನೆಲವನ್ನು ಗಟ್ಟಿಯಾಗಿ ಒತ್ತುತ್ತದೆ, ಹೆಚ್ಚಿನ ಹಿಡಿತ ಸಿಗುವುದು ಅಲ್ಲಿಯೇ. ಈ ತಿಳಿವಳಿಕೆ ರೂಢಿಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು.

ಮುಂದಿನ ತೊಡಕು ಬಲವನ್ನು ನಾಲ್ಕೂ ಗಾಲಿಗೆ ಹಂಚುವುದು. ಸರಳು ಮತ್ತು ತಂತಿಯಿಂದ ಎಳೆದರೆ ಒಂದು ಗಾಲಿಗೆ ಮೊದಲು ಹತ್ತುತ್ತದೆ, ಇನ್ನೊಂದಕ್ಕೆ ಆಮೇಲೆ, ಗಾಡಿ ಒಂದು ಮಗ್ಗುಲಿಗೆ ಎಳೆಯುತ್ತದೆ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಸರಳನ್ನು ಬಿಟ್ಟು ದ್ರವವನ್ನು ನಂಬಿದ. ಮುಚ್ಚಿದ ಕೊಳವೆಯಲ್ಲಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಿಯುತ್ತದೆ ಎಂದು ಪಾಸ್ಕಲ್ 17ನೇ ಶತಮಾನದಲ್ಲೇ ಹೇಳಿದ್ದ. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರು ನಾಲ್ಕು ಗಾಲಿಗೂ ಹೈಡ್ರಾಲಿಕ್ ಬ್ರೇಕ್ ಹಾಕಿಕೊಂಡು ಬಂತು. 1924ರಲ್ಲಿ ಕ್ರೈಸ್ಲರ್ ಅದನ್ನು ಮಧ್ಯಮ ಬೆಲೆಯ ಕಾರಿಗೂ ತಂದಿತು. ಫೋರ್ಡ್ ಮಾತ್ರ 1939ರವರೆಗೆ ಸರಳನ್ನೇ ಹಿಡಿದುಕೊಂಡಿತ್ತು.

ಈ ಕ್ರೈಸ್ಲರ್ ಹೆಸರು ನಮ್ಮ ನಾಡಿನ ಒಂದು ಕೈತಪ್ಪಿದ ಕನಸಿನ ಜೊತೆಗೂ ಸೇರಿದೆ. ಭಾರತದಲ್ಲಿ ಕಾರಿನ ಕಾರ್ಖಾನೆ ಆಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯ 1930ರ ದಶಕದಲ್ಲಿ ಪಟ್ಟು ಹಿಡಿದರು, ವಯಸ್ಸು ಎಪ್ಪತ್ತು ದಾಟಿದ್ದರೂ ಯುರೋಪು ಅಮೆರಿಕ ಸುತ್ತಿ ಬಂದರು. ಅವರ ಜೊತೆಗೆ ನಿಂತವರು ಸೊಲ್ಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದ್. ಕಾರ್ಖಾನೆ ಮೈಸೂರು ಸಂಸ್ಥಾನದಲ್ಲಿ ಆಗಲಿ ಎಂಬ ಮಾತು ಬಹಳ ದೂರ ನಡೆಯಿತು, ಸಂಸ್ಥಾನ ಬೆಂಬಲಕ್ಕೂ ಸಿದ್ಧವಿತ್ತು, ಬ್ರಿಟಿಷ್ ಸರಕಾರ ಅಡ್ಡ ಬಂತು. ಕೊನೆಗೆ ವಾಲ್‌ಚಂದ್ ಕ್ರೈಸ್ಲರ್ ಜೊತೆ ಒಪ್ಪಂದ ಮಾಡಿಕೊಂಡು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಆಗ ಗುಡೂರು, ಹುನಗುಂದ, ಬಾಗಲಕೋಟೆಗಳೂ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲೇ ಇದ್ದವು. ಬೆಂಗಳೂರಿಗೆ ಬರಬೇಕಾದ ಕಾರ್ಖಾನೆ ಮುಂಬಯಿಗೆ ಹೋಯಿತು, ಅಲ್ಲಿಂದ ಬಂದ ಫಿಯೆಟ್ 1100 ಮುಂದೆ ಪ್ರೀಮಿಯರ್ ಪದ್ಮಿನಿಯಾಗಿ ನಮ್ಮ ಓಣಿಗಳಲ್ಲಿ ಓಡಿತು.

ಸ್ವಾತಂತ್ರ್ಯದ ನಂತರದ ಮೂವತ್ತು ವರ್ಷ ರಸ್ತೆಯಲ್ಲಿ ಹೆಚ್ಚಾಗಿ ಎರಡೇ ಮುಖ. ಪದ್ಮಿನಿಯ ತೂಕ 900 ಕಿಲೊ ಆಸುಪಾಸು, ಅಂಬಾಸಿಡರಿನದು 1,100 ದಾಟಿದ್ದು. ಎರಡಕ್ಕೂ ನಾಲ್ಕೂ ಗಾಲಿಯಲ್ಲಿ ಡ್ರಮ್ ಬ್ರೇಕು, ನಡುವೆ ಬರಿ ಎಣ್ಣೆಯ ಕೊಳವೆ. ಕಾಲಿನ ಬಲಕ್ಕೆ ಯಾವ ನೆರವೂ ಇಲ್ಲ. ಗಟ್ಟಿಯಾಗಿ ನಿಲ್ಲಿಸಬೇಕಾದರೆ ಮೂವತ್ತು ನಲವತ್ತು ಕಿಲೊ ಎತ್ತುವಷ್ಟು ಬಲವನ್ನು ಪೆಡಲಿನ ಮೇಲೆ ಹಾಕಬೇಕಿತ್ತು. ಬಾದಾಮಿ ಸ್ಟೇಷನ್ನಿನ ಮುಂದೆ ನಿಂತು ಪ್ರವಾಸಿಗರನ್ನು ಪಟ್ಟದಕಲ್ಲು ಐಹೊಳೆಗೆ ಕರೆದೊಯ್ಯುತ್ತಿದ್ದ ಅಂಬಾಸಿಡರ್ ಚಾಲಕರ ಬಲಗಾಲಿಗೆ ದಿನದ ಕೊನೆಗೆ ನೋವು ಬರುತ್ತಿದ್ದದ್ದು ಸಹಜ. ಹಿಂದೆ ಐದು ಮಂದಿ, ಮುಂದೆ ಮೂರು ಮಂದಿ, ಡಿಕ್ಕಿಯಲ್ಲಿ ಟ್ರಂಕು. ಆ ಭಾರವೆಲ್ಲ ಅವರ ಹಿಮ್ಮಡಿಗೆ ತಿಳಿಯುತ್ತಿತ್ತು.

ಡ್ರಮ್ ಬ್ರೇಕಿನ ಗುಣವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಮುಂದಿನದೆಲ್ಲ ಅದರಿಂದಲೇ ಬಿಚ್ಚಿಕೊಳ್ಳುತ್ತದೆ. ಗಾಲಿಯ ಜೊತೆ ತಿರುಗುವ ಡಬ್ಬಿಯೊಳಗೆ ಎರಡು ಶೂ ಇರುತ್ತವೆ. ಒಳಗಿನಿಂದ ಅವು ಹರಡಿ ಡಬ್ಬಿಗೆ ಒತ್ತಿದಾಗ ಒಂದು ಶೂ ಡಬ್ಬಿಯ ತಿರುಗಾಟದ ಸೆಳೆತಕ್ಕೇ ಸಿಕ್ಕಿ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಅಂದರೆ ನಿಲ್ಲಿಸುವ ಕೆಲಸದಲ್ಲಿ ಗಾಡಿಯ ಓಟವೇ ಚಾಲಕನಿಗೆ ನೆರವಾಗುತ್ತದೆ. ಕಾಲಿಗೆ ಬೇರೆ ನೆರವಿಲ್ಲದ ಕಾಲದಲ್ಲಿ ಅಷ್ಟು ಭಾರದ ಕಾರನ್ನು ಮನುಷ್ಯನ ಕಾಲು ನಿಲ್ಲಿಸಲು ಸಾಧ್ಯವಾದದ್ದು ಇದರಿಂದ. ದೋಷವೂ ಅಲ್ಲಿಯೇ ಇತ್ತು. ಒಳಗಿನ ಶಾಖ ಹೊರಗೆ ಹೋಗಲು ದಾರಿಯಿಲ್ಲ. ಒಂದೇ ಸಮನೆ ಬ್ರೇಕ್ ಹಿಡಿದರೆ ಡಬ್ಬಿ ಕಾದು ಹಿಗ್ಗುತ್ತದೆ, ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗ್ ಜಾರುತ್ತದೆ, ಪೆಡಲು ತಳ ಮುಟ್ಟುತ್ತದೆ. ಹಳ್ಳ ದಾಟಿ ನೀರು ಒಳಗೆ ಹೋದರೂ ಅದೇ ಗತಿ. ಮಲಪ್ರಭೆಗೆ ನೀರು ಬಂದ ದಿನಗಳಲ್ಲಿ ಮುಳುಗು ಸೇತುವೆ ದಾಟಿ ಬಂದ ಚಾಲಕ ಆ ಕಡೆ ಸ್ವಲ್ಪ ದೂರ ಬ್ರೇಕನ್ನು ಮೆತ್ತಗೆ ಒತ್ತಿ ಹಿಡಿದೇ ಹೋಗುತ್ತಿದ್ದ, ಶೂ ಒಣಗಲೆಂದು.

ಗ್ಯಾರೇಜಿನ ಮಾತು ಆ ಕಾಲದ್ದು ಈಗಲೂ ಉಳಿದಿದೆ. "ಬ್ರೇಕ್ ಹತ್ತವಲ್ದು" ಎಂದು ಗಾಡಿ ತಂದರೆ ಮಿಸ್ತ್ರಿ ಮೊದಲು ಪೆಡಲನ್ನು ಎರಡು ಸಲ ಪಂಪ್ ಮಾಡಿ ನೋಡುತ್ತಾನೆ. ಎರಡನೇ ಸಲಕ್ಕೆ ಗಟ್ಟಿಯಾದರೆ ಲೈನಿನಲ್ಲಿ ಗಾಳಿ ಸೇರಿದೆ, ಏರ್ ತೆಗೆಯಬೇಕು, ಇಲ್ಲವೆ ಶೂ ಸವೆದು ದೂರವಾಗಿದೆ. ನಿಧಾನವಾಗಿ ಕೆಳಗಿಳಿದರೆ ಮಾಸ್ಟರ್ ಸಿಲಿಂಡರಿನ ವಾಷರ್ ಹೋಗಿದೆ, ಕಿಟ್ ಹಾಕಬೇಕು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ ಬಿಚ್ಚಿ ಬಾಯಿಯಿಂದ ಊದಿ ಧೂಳು ಹಾರಿಸುತ್ತಿದ್ದ ಹುಡುಗರ ಪುಪ್ಪುಸಕ್ಕೆ ಏನು ಹೋಯಿತೆಂದು ಆಗ ಯಾರೂ ಕೇಳಲಿಲ್ಲ. ಇದು ಬ್ರೇಕಿನ ಚರಿತ್ರೆಯಲ್ಲಿ ಬರೆಯಲೇಬೇಕಾದ ಮಾತು.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈ ಕೊಟ್ಟಾಗ ಜನ ಬೆಲೆಯ ಮಾತಾಡಿದರು, ಮೈಲೇಜಿನ ಮಾತಾಡಿದರು. ನನಗೆ ಆ ಕಾರಿನ ತೂಕವೇ ದೊಡ್ಡ ಸುದ್ದಿ ಎನಿಸುತ್ತದೆ. 650 ಕಿಲೊ. ಅಂಬಾಸಿಡರಿನ ಅರ್ಧಕ್ಕಿಂತ ಒಂಚೂರು ಹೆಚ್ಚು. ಬಾಗಿದ ತೆಳು ತಗಡೇ ಚೌಕಟ್ಟಾಗಿ ಭಾರ ಹೊರುವ ರಚನೆ, ಎಂಜಿನ್ ಅಡ್ಡಲಾಗಿ ಮುಂದೆ, ಓಡಿಸುವುದೂ ಮುಂದಿನ ಗಾಲಿಯೇ. ಅಂಬಾಸಿಡರ್ ಬಿಟ್ಟು ಮಾರುತಿ ಹತ್ತಿದ ಚಾಲಕನಿಗೆ ಮೊದಲು ಅನುಭವಕ್ಕೆ ಬಂದದ್ದು ಸ್ಟೀರಿಂಗ್ ಮತ್ತು ಪೆಡಲಿನ ಹಗುರತನ. ಎಷ್ಟೋ ಹೆಣ್ಣುಮಕ್ಕಳು ಕಾರು ಕಲಿತದ್ದು ಈ ಗಾಡಿಯ ಮೇಲೆ. ತೊಡೆಯ ಬಲ ಬೇಡದ ಬ್ರೇಕೂ ಅದಕ್ಕೊಂದು ಕಾರಣ ಎಂದೇ ನಾನು ನಂಬಿದ್ದೇನೆ. ಮುಂದೆ 2008ರಲ್ಲಿ ಟಾಟಾ ತೋರಿಸಿದ ನ್ಯಾನೊ ಇದೇ ದಾರಿಯ ಕೊನೆಯ ನಿಲ್ದಾಣ. 600 ಕಿಲೊ ಆಸುಪಾಸಿನ ಆ ಗಾಡಿಗೆ ನಾಲ್ಕೂ ಕಡೆ ಡ್ರಮ್ಮೇ ಸಾಕಾಯಿತು.

ಅಷ್ಟರಲ್ಲಿ ಡಿಸ್ಕ್ ಬಂದಿತ್ತು. ಅದರ ಕಲ್ಪನೆ ಹಳೆಯದು, ಇಂಗ್ಲೆಂಡಿನ ಲಾಂಚೆಸ್ಟರ್ 1902ರಲ್ಲೇ ಪೇಟೆಂಟ್ ತೆಗೆದುಕೊಂಡಿದ್ದ. 1953ರಲ್ಲಿ ಫ್ರಾನ್ಸಿನ ಲ ಮಾನ್ ರೇಸನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದ ಮೇಲೆ ಲೋಕ ಕಣ್ಣು ತೆರೆಯಿತು, 1955ರ ಸಿಟ್ರೊಯೆನ್ ಡಿಎಸ್ ಅದನ್ನು ಸಾಮಾನ್ಯ ಕಾರಿಗೆ ತಂದಿತು. ಬಯಲಿನಲ್ಲಿ ತಿರುಗುವ ತಟ್ಟೆ, ಎರಡು ಕಡೆಯಿಂದ ಕಚ್ಚುವ ಪ್ಯಾಡು. ಶಾಖ ಗಾಳಿಗೆ ಹೋಗುತ್ತದೆ, ನೀರು ಸಿಡಿದುಹೋಗುತ್ತದೆ. ಆದರೆ ಡ್ರಮ್ಮಿನ ಶೂ ತಾನಾಗಿ ಕಚ್ಚಿಕೊಳ್ಳುತ್ತಿತ್ತಲ್ಲ, ಆ ಗುಣ ಡಿಸ್ಕಿಗೆ ಇಲ್ಲ. ಅದಕ್ಕೆ ಬೇಕಾದ ಬಲವನ್ನೆಲ್ಲ ಹೊರಗಿನಿಂದಲೇ ಕೊಡಬೇಕು, ಮನುಷ್ಯನ ಕಾಲು ಒಂದೇ ಸಾಲದು. ಹೀಗಾಗಿ ಡಿಸ್ಕಿನ ಬೆನ್ನಿಗೇ ವ್ಯಾಕ್ಯೂಮ್ ಬೂಸ್ಟರ್ ಮನೆ ಮಾಡಿತು.

ಬಾನೆಟ್ ತೆಗೆದರೆ ಪೆಡಲಿನ ನೇರಕ್ಕೆ ದುಂಡನೆಯ ಕಪ್ಪು ಡಬ್ಬಿ ಕಾಣುತ್ತದಲ್ಲ, ಅದೇ ಬೂಸ್ಟರ್. ಒಳಗೆ ರಬ್ಬರಿನ ಪರದೆ. ಅದರ ಮುಂದಿನ ಬದಿಯ ಗಾಳಿಯನ್ನು ಎಂಜಿನ್ ಎಳೆದುಕೊಂಡಿರುತ್ತದೆ. ಪೆಡಲ್ ಒತ್ತಿದೊಡನೆ ಹಿಂದಿನ ಬದಿಗೆ ಹೊರಗಿನ ಗಾಳಿ ನುಗ್ಗಿ ಪರದೆಯನ್ನು ಮುಂದಕ್ಕೆ ನೂಕುತ್ತದೆ. ನಮ್ಮ ತಲೆಯ ಮೇಲಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೊ ತೂಗುತ್ತದೆ. ಪರದೆ 20 ಸೆಂಟಿಮೀಟರ್ ಅಗಲದ್ದಾದರೆ ಮುನ್ನೂರಕ್ಕೂ ಹೆಚ್ಚು ಚದರ ಸೆಂಟಿಮೀಟರ್ ಆಯಿತು. ಮೂರರಲ್ಲಿ ಎರಡು ಪಾಲು ಶೂನ್ಯ ಸಿಕ್ಕರೂ ಸುಮಾರು ಇನ್ನೂರು ಕಿಲೊ ನೂಕುಬಲ ಪುಕ್ಕಟೆ. ಚಾಲಕನ ಕಾಲು ಹತ್ತು ಹದಿನೈದು ಕಿಲೊ ಒತ್ತಿದರೆ ಸಾಕು, ಉಳಿದದ್ದನ್ನು ಆಕಾಶ ಒತ್ತುತ್ತದೆ. ಡೀಸೆಲ್ ಎಂಜಿನ್ ಈ ಶೂನ್ಯವನ್ನು ತಾನಾಗಿ ಕೊಡುವುದಿಲ್ಲ. ಅದಕ್ಕೆ ಸುಮೊ, ಬೊಲೆರೊದಂಥ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೆ ಸಣ್ಣ ವ್ಯಾಕ್ಯೂಮ್ ಪಂಪ್ ಕೂರಿಸಿದರು.

ಇಲ್ಲಿ ಒಂದು ಮಾತನ್ನು ಜೋರಾಗಿ ಹೇಳಬೇಕು. ಇಳುಕಲು ಬಂದರೆ ನ್ಯೂಟ್ರಲ್ ಹೊಡೆದು, ಎಣ್ಣೆ ಉಳಿಸಲು ಎಂಜಿನ್ ಕೂಡ ಬಂದ್ ಮಾಡಿ ಗಾಡಿ ಬಿಡುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅಂಬಾಸಿಡರ್ ಕಾಲದಲ್ಲಿ ಕಲಿತ ಚಾಲಕರಿಂದ ಇದು ಇಳಿದು ಬಂದಿದೆ. ಆ ಕಾರಿನಲ್ಲಿ ಎಂಜಿನ್ ನಿಂತರೂ ಬ್ರೇಕ್ ಮೊದಲಿನಂತೆಯೇ ಇರುತ್ತಿತ್ತು, ಅದಕ್ಕೆ ಎಂಜಿನ್ನಿನ ನೆರವೇ ಇರಲಿಲ್ಲವಲ್ಲ. ಬೂಸ್ಟರಿನ ಗಾಡಿಯಲ್ಲಿ ಎಂಜಿನ್ ನಿಂತರೆ ಡಬ್ಬಿಯಲ್ಲಿ ಉಳಿದ ಶೂನ್ಯ ಎರಡು ಮೂರು ಸಲ ಒತ್ತುವವರೆಗೆ ಬರುತ್ತದೆ. ಆಮೇಲೆ ಪೆಡಲು ಕಲ್ಲಿನಂತೆ ಗಟ್ಟಿ. ಬ್ರೇಕ್ ಫೇಲ್ ಆಯಿತು ಎಂದು ಚಾಲಕ ಕೂಗುತ್ತಾನೆ. ಫೇಲ್ ಆಗಿರುವುದಿಲ್ಲ, ಎರಡೂ ಕಾಲಿನಿಂದ ಒದ್ದು ಒತ್ತಿದರೆ ಈಗಲೂ ನಿಲ್ಲುತ್ತದೆ. ಆದರೆ ಹಗುರ ಪೆಡಲಿಗೆ ಒಗ್ಗಿದ ಕಾಲಿಗೆ ಅಷ್ಟು ಒತ್ತಬೇಕೆಂಬುದೇ ಹೊಳೆಯುವುದಿಲ್ಲ. ಹೊಸ ಚಾಲಕರಿಗೆ ಕಲಿಸುವವರು ಒಂದು ಸಲ ಬಯಲಿನಲ್ಲಿ ನಿಂತ ಗಾಡಿಯಲ್ಲೇ ಎಂಜಿನ್ ಬಂದ್ ಮಾಡಿಸಿ, ನಾಲ್ಕು ಸಲ ಪೆಡಲು ಒತ್ತಿಸಿ ಈ ಗಟ್ಟಿತನದ ಪರಿಚಯ ಮಾಡಿಸಬೇಕು.

1991ರ ನಂತರ ಕಾರು ಮತ್ತೆ ದಪ್ಪವಾಗತೊಡಗಿತು. ಏಸಿ, ಪವರ್ ಸ್ಟೀರಿಂಗ್, ಅಗಲ ಟಯರು. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ 2000ದಲ್ಲಿ ಕ್ವಾಲಿಸ್ ಹೊರತಂದಿತು, 2005ರಲ್ಲಿ ಇನ್ನೋವಾ. ಅಂಬಾಸಿಡರ್ ಬಾಡಿಗೆ ಗಾಡಿಯ ಜಾಗಕ್ಕೆ ಒಂದೂವರೆ ಟನ್ನಿಗೂ ಮೀರಿದ ಗಾಡಿಗಳು ಬಂದವು. ಇದು ನಮ್ಮ ಕಥೆ ಮಾತ್ರವಲ್ಲ. ಜರ್ಮನಿಯ ಗಾಲ್ಫ್ ಕಾರು 1974ರಲ್ಲಿ 800 ಕಿಲೊ ಒಳಗಿತ್ತು, ಅದೇ ಹೆಸರಿನ ಇಂದಿನ ಕಾರು 1,300ರ ಸುಮಾರು. ತೂಕ ಏರಿದ್ದರಲ್ಲಿ ಐಷಾರಾಮದ ಪಾಲು ಎಷ್ಟೋ, ಜೀವ ಉಳಿಸುವ ವಸ್ತುಗಳ ಪಾಲೂ ಉಂಟು. ಭಾರತದಲ್ಲಿ ಹೊಸ ಮಾದರಿಗಳಿಗೆ 2017ರ ಅಕ್ಟೋಬರಿನಿಂದ ಡಿಕ್ಕಿ ಪರೀಕ್ಷೆ, 2019ರ ಜುಲೈಯಿಂದ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. ಗಟ್ಟಿ ಉಕ್ಕು ಬಳಸಿ ತೂಕ ಇಳಿಸಿದವರೂ ಇದ್ದಾರೆ. 2005ರಲ್ಲಿ ಸಾವಿರ ಕಿಲೊ ಆಸುಪಾಸು ಇದ್ದ ಸ್ವಿಫ್ಟ್ 2018ರ ಮಾದರಿಯಲ್ಲಿ 900ಕ್ಕಿಂತ ಕೆಳಗಿಳಿಯಿತು.

ಭಾರಕ್ಕಿಂತ ಹೆಚ್ಚು ಏರಿದ್ದು ವೇಗ. ಗುಡೂರಿನವರು ಇಳಕಲ್ ಮುಟ್ಟಿದರೆ ಅಲ್ಲಿ ಹಳೆಯ 13ನೇ, ಈಗಿನ 50ನೇ ರಾಷ್ಟ್ರೀಯ ಹೆದ್ದಾರಿ. ಒಂದು ಕಾಲಕ್ಕೆ ಎದುರು ಲಾರಿ ಬಂದರೆ ಮಣ್ಣಿಗೆ ಇಳಿಯಬೇಕಿದ್ದ ದಾರಿ ಈಗ ನಾಲ್ಕು ಪಥ. ಗಂಟೆಗೆ 60 ಕಿ.ಮೀ. ಓಡುತ್ತಿದ್ದ 1,150 ಕಿಲೊ ಅಂಬಾಸಿಡರ್ ನಿಲ್ಲಬೇಕಾದರೆ ಬ್ರೇಕು 160 ಕಿಲೊಜೂಲ್ ಶಕ್ತಿಯನ್ನು ಶಾಖವಾಗಿ ಕರಗಿಸಬೇಕಿತ್ತು. ಇಂದಿನ 1,400 ಕಿಲೊ ಗಾಡಿ 100 ಕಿ.ಮೀ. ವೇಗದಿಂದ ನಿಲ್ಲಬೇಕಾದರೆ 540 ಕಿಲೊಜೂಲ್. ಒಂದೂಮುಕ್ಕಾಲು ಲೀಟರಿಗೂ ಹೆಚ್ಚು ನೀರನ್ನು ಕುದಿಸುವಷ್ಟು ಶಾಖ, ಕೆಲವೇ ಸೆಕೆಂಡುಗಳಲ್ಲಿ. ತೂಕ ಕಾಲು ಪಾಲಿನಷ್ಟೇ ಹೆಚ್ಚಿತು, ಬ್ರೇಕಿನ ಕೆಲಸ ಮೂರು ಪಟ್ಟು ದಾಟಿತು, ಏಕೆಂದರೆ ಶಕ್ತಿ ಬೆಳೆಯುವುದು ವೇಗದ ವರ್ಗಕ್ಕೆ ತಕ್ಕಂತೆ. ಇಷ್ಟರ ನಡುವೆ ಕಾಲಿನ ಶ್ರಮ ಮೂರನೇ ಒಂದು ಪಾಲಿಗೆ ಇಳಿಯಿತು. ಈ ಲೇಖನದಲ್ಲಿ ನನಗೆ ಹೇಳಬೇಕೆನಿಸಿದ್ದು ಇಷ್ಟೇ: ಹಿಂದಿನ ಚಾಲಕನಿಗೆ ತಾನು ಎಷ್ಟು ಭಾರವನ್ನು ಎಷ್ಟು ವೇಗದಲ್ಲಿ ಒಯ್ಯುತ್ತಿದ್ದೇನೆಂದು ಕಾಲೇ ಹೇಳುತ್ತಿತ್ತು. ಇಂದಿನ ಪೆಡಲು ಆ ಮಾತನ್ನು ಹೇಳುವುದಿಲ್ಲ.

ಕ್ರೂಸರ್ ಗಾಡಿಯಲ್ಲಿ ಇದು ಪ್ರಾಣಕ್ಕೆ ಬರುತ್ತದೆ. ಹನ್ನೆರಡು ಹದಿಮೂರು ಮಂದಿಯ ಗಾಡಿಗೆ ಇಪ್ಪತ್ತು ಮಂದಿ, ಮೇಲೆ ಕ್ಯಾರಿಯರಿನಲ್ಲಿ ಮದುವೆಯ ಸಾಮಾನು, ಕೂಡಲಸಂಗಮಕ್ಕೋ ಬನಶಂಕರಿಗೋ ರಾತ್ರಿಯ ಪಯಣ. ಬ್ರೇಕು ಲೆಕ್ಕ ಹಾಕಿ ಮಾಡಿದ್ದು ಕಾಗದದ ಮೇಲಿನ ಒಟ್ಟು ತೂಕಕ್ಕೆ. ಹೇರು ಮೀರಿದರೂ ಊರೊಳಗೆ ಪೆಡಲು ಅಷ್ಟೇ ಹಗುರ, ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗುವುದು ಹೆದ್ದಾರಿಯಲ್ಲಿ ಮುಂದೆ ನಿಂತ ಲಾರಿ ಕಂಡ ಮೇಲೆ.

ಎಬಿಎಸ್ ಬಂದದ್ದು ಇನ್ನೊಂದು ತೊಡಕಿಗೆ ಉತ್ತರವಾಗಿ. ಪೆಡಲು ಹಗುರಾದ ಮೇಲೆ ಗಾಬರಿಯಲ್ಲಿ ಒತ್ತಿದರೆ ಗಾಲಿ ಪೂರ್ತಿ ಲಾಕ್ ಆಗಿ ಜಾರುವುದು ಸುಲಭವಾಯಿತು. ಜಾರುವ ಮುಂಗಾಲಿ ಸ್ಟೀರಿಂಗಿನ ಮಾತು ಕೇಳುವುದಿಲ್ಲ. 1978ರಲ್ಲಿ ಬಾಷ್ ಕಂಪನಿ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿಗೆ ಎಲೆಕ್ಟ್ರಾನಿಕ್ ಎಬಿಎಸ್ ಕೊಟ್ಟಿತು. ಗಾಲಿ ಲಾಕ್ ಆಗುವ ಸೂಚನೆ ಸಿಕ್ಕೊಡನೆ ಸೆಕೆಂಡಿಗೆ ಹಲವು ಸಲ ಒತ್ತಡ ಬಿಟ್ಟು ಹಿಡಿಯುವ ಕೆಲಸ ಅದರದ್ದು, ಪೆಡಲು ಕಾಲಿನಡಿ ಗಡಗಡ ನಡುಗುತ್ತದೆ. ಭಾರತದಲ್ಲಿ 2019ರ ಏಪ್ರಿಲ್ ಹೊತ್ತಿಗೆ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯವಾಯಿತು. ಆ ನಡುಕಕ್ಕೆ ಹೆದರಿ ಕಾಲು ತೆಗೆಯುವವರಿದ್ದಾರೆ. ತೆಗೆಯಬಾರದು, ಒತ್ತಿ ಹಿಡಿದು ಸ್ಟೀರಿಂಗ್ ತಿರುಗಿಸಬೇಕು. ಹುನಗುಂದ ಸೀಮೆಯ ಎರೆ ಮಣ್ಣು ಮಳೆಗೆ ರಸ್ತೆ ಮೇಲೆ ಹರಡಿದಾಗ, ಕಡಿ ಎದ್ದ ದಾರಿಯಲ್ಲಿ, ಎಬಿಎಸ್ ಇದ್ದರೂ ಗಾಡಿ ದೂರ ಹೋಗಿಯೇ ನಿಲ್ಲುತ್ತದೆ. ಕೊನೆಗೂ ಕಾರನ್ನು ನಿಲ್ಲಿಸುವುದು ಅಂಗೈಯಗಲ ನೆಲ ಮುಟ್ಟಿರುವ ನಾಲ್ಕು ಟಯರಿನ ತುಣುಕುಗಳು.

ವಿದ್ಯುತ್ ಕಾರು ಈ ಕಥೆಯನ್ನು ಮತ್ತೊಂದು ಕಡೆಗೆ ಹೊರಳಿಸಿದೆ. ಬೆಂಗಳೂರಿನ ಚೇತನ್ ಮೈನಿ 2001ರಲ್ಲಿ ರೇವಾ ತಂದಾಗ ಮುಕ್ಕಾಲು ಟನ್ನಿನ ಆ ಪುಟ್ಟ ಗಾಡಿಯಲ್ಲಿ ಸೀಸದ ಬ್ಯಾಟರಿಗಳದ್ದೇ ದೊಡ್ಡ ಪಾಲು. ಆದರೆ ಆಕ್ಸಿಲರೇಟರ್ ಬಿಟ್ಟರೆ ಮೋಟರೇ ಡೈನಮೊ ಆಗಿ ಗಾಲಿಯನ್ನು ತಡೆದು, ಓಟದ ಶಕ್ತಿಯನ್ನು ಬ್ಯಾಟರಿಗೆ ವಾಪಸು ಕೊಡುತ್ತಿತ್ತು. ಇಂದು ನೆಕ್ಸಾನ್‌ನಂಥ ವಿದ್ಯುತ್ ಕಾರು 1,400 ಕಿಲೊ ಸುಮಾರು ತೂಗುತ್ತದೆ, ದಿನದ ಓಡಾಟದಲ್ಲಿ ಬ್ರೇಕ್ ಪೆಡಲು ಮುಟ್ಟುವುದೇ ಅಪರೂಪ. ಪ್ಯಾಡು ಸವೆಯುವುದು ಕಡಿಮೆ, ಬಳಕೆಯಿಲ್ಲದ ಡಿಸ್ಕಿಗೆ ತುಕ್ಕು ಹಿಡಿಯುವುದೇ ಚಿಂತೆ. ಇದಕ್ಕಾಗಿ ಫೋಕ್ಸ್‌ವ್ಯಾಗನ್ ತನ್ನ ವಿದ್ಯುತ್ ಕಾರುಗಳ ಹಿಂಗಾಲಿಗೆ ಹಳೆಯ ಡ್ರಮ್ಮನ್ನೇ ಮತ್ತೆ ಹಾಕಿತು.

ದೊಡ್ಡ ಗಾಡಿಗಳ ಲೆಕ್ಕ ಬೇರೆ. ಇಳಕಲ್ಲಿನ ಗಣಿಯಿಂದ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಒಂದು ಗ್ರಾನೈಟ್ ಬ್ಲಾಕ್ ಎದ್ದರೆ ಅದು ಇಪ್ಪತ್ತನಾಲ್ಕು ಟನ್ ಸುಮಾರು. 2018ರಲ್ಲಿ ಕೇಂದ್ರ ಸರಕಾರ ಲಾರಿಗಳ ತೂಕದ ಮಿತಿಯನ್ನು ಏರಿಸಿತು, ಅತಿ ದೊಡ್ಡವಕ್ಕೆ 49 ಟನ್ ಇದ್ದದ್ದು 55 ಆಯಿತು. ಇಂಥ ಭಾರಕ್ಕೆ ಮನುಷ್ಯನ ಕಾಲಿನ ಬಲ ಲೆಕ್ಕಕ್ಕೇ ಇಲ್ಲ. ಇಲ್ಲಿ ಪೆಡಲು ಒಂದು ಕವಾಟ ಮಾತ್ರ, ನಿಲ್ಲಿಸುವುದು ಟ್ಯಾಂಕಿನಲ್ಲಿ ಒತ್ತಿಟ್ಟ ಗಾಳಿ. ಗಾಳಿ ಪೂರ್ತಿ ಸೋರಿಹೋದರೆ ಸ್ಪ್ರಿಂಗ್ ತಾನಾಗಿ ಗಾಲಿಯನ್ನು ಹಿಡಿದುಕೊಳ್ಳುತ್ತದೆ. ಇಂಥ ಆಕ್ಸಲ್ ಮತ್ತು ಬ್ರೇಕುಗಳನ್ನು ಮೈಸೂರಿನ ಆಟೊಮೋಟಿವ್ ಆಕ್ಸಲ್ಸ್ ನಲವತ್ತು ವರ್ಷಗಳಿಂದ ಮಾಡುತ್ತಿದೆ. ಇಷ್ಟಾದರೂ ಏರಿನಲ್ಲಿ ಲಾರಿ ನಿಂತರೆ ಚಾಲಕ ಕೂಗುವುದು "ತಮ್ಮಾ, ಗಾಲಿಗೆ ಕಲ್ಲ ಹಚ್ಚೋ" ಎಂದೇ, ಕ್ಲೀನರ್ ಹುಡುಗ ಧುಮುಕಿ ಓಡುತ್ತಾನೆ.

ಎಲ್ಲ ಕಾಲದ ಸುಧಾರಣೆಗೂ ಹೊರಗೆ ಉಳಿದದ್ದು ಕಬ್ಬಿನ ಟ್ರ್ಯಾಕ್ಟರು. ಸಕ್ಕರೆ ಕಾರ್ಖಾನೆಗಳು ನುರಿಸಲು ಶುರು ಮಾಡಿದ ಮೇಲೆ ಬಾಗಲಕೋಟೆ ಜಿಲ್ಲೆಯ ದಾರಿಗಳಲ್ಲಿ ರಾತ್ರಿಯಿಡೀ ಅವುಗಳ ಸಾಲು. ಎರಡು ಟನ್ ಚಿಲ್ಲರೆಯ ಟ್ರ್ಯಾಕ್ಟರಿನ ಬೆನ್ನಿಗೆ ಎರಡು ಟ್ರ್ಯಾಲಿ, ಒಂದೊಂದರಲ್ಲಿ ಹತ್ತು ಟನ್ ಆಸುಪಾಸು ಕಬ್ಬು. ಬಹುತೇಕ ಟ್ರ್ಯಾಲಿಗಳಿಗೆ ಸ್ವಂತ ಬ್ರೇಕೇ ಇಲ್ಲ. ತಡೆಯುವುದು ಟ್ರ್ಯಾಕ್ಟರಿನ ಎರಡು ಹಿಂದಿನ ಗಾಲಿ. ಆ ಎರಡು ಗಾಲಿಯ ಮೇಲೆ ಎರಡೂವರೆ ಟನ್ ಭಾರ ಬಿದ್ದಿದೆ, ರಸ್ತೆ ಒಣಗಿದೆ ಎಂದು ಹಿಡಿದು ಲೆಕ್ಕ ಹಾಕಿದರೆ, ಗಂಟೆಗೆ 30 ಕಿ.ಮೀ. ವೇಗದ ಈ ಸಾಲು ನಿಲ್ಲಲು ಐವತ್ತು ಮೀಟರ್ ಬೇಕು. ವಿಶ್ವಸಂಸ್ಥೆಯ ಬ್ರೇಕ್ ನಿಯಮದ ಹಳೆಯ ಪರೀಕ್ಷೆಯಲ್ಲಿ 80 ಕಿ.ಮೀ. ವೇಗದ ಕಾರಿಗೆ ಕೊಟ್ಟಿದ್ದ ಮಿತಿ 50.7 ಮೀಟರ್. ಮೂವತ್ತರಲ್ಲಿ ಹೋಗುವ ಟ್ರ್ಯಾಕ್ಟರೂ ಎಂಬತ್ತರಲ್ಲಿ ಹೋಗುವ ಕಾರೂ ಒಂದೇ ದೂರ ಕೇಳುತ್ತವೆ. ಇಳುಕಲಿನಲ್ಲಿ ಇಪ್ಪತ್ತು ಟನ್ ಹಿಂದಿನಿಂದ ನೂಕಿದರೆ ಟ್ರ್ಯಾಕ್ಟರು ಅಡ್ಡ ತಿರುಗಿ ಮಗುಚುತ್ತದೆ. ಚಾಲಕರು ಹೆಚ್ಚಾಗಿ ಇಪ್ಪತ್ತರ ಹರೆಯದ ಹುಡುಗರು.

ಟ್ರ್ಯಾಲಿಗೆ ಬ್ರೇಕ್ ಕೂರಿಸುವುದು ಅಸಾಧ್ಯದ ಕೆಲಸವಲ್ಲ. ಟ್ರ್ಯಾಕ್ಟರಿನಲ್ಲಿ ಹೈಡ್ರಾಲಿಕ್ ಪಂಪ್ ಈಗಾಗಲೇ ಇದೆ, ಟ್ರ್ಯಾಲಿ ಎತ್ತಿ ಮಣ್ಣು ಸುರಿಯುವುದು ಅದರಿಂದಲೇ. ಬೇಕಾದದ್ದು ಇನ್ನೊಂದು ಹೋಸು, ಒಂದು ಕವಾಟ, ಟ್ರ್ಯಾಲಿಯ ಗಾಲಿಗಳಿಗೆ ಡ್ರಮ್ಮು ಮತ್ತು ಶೂ. ಹಲವು ದೇಶಗಳಲ್ಲಿ ಭಾರದ ಟ್ರ್ಯಾಲಿಗೆ ಇದು ಕಡ್ಡಾಯ. ಖರ್ಚನ್ನು ರೈತನ ಮೇಲೋ, ಟ್ರ್ಯಾಕ್ಟರಿನ ಹುಡುಗನ ಮೇಲೋ ಹಾಕದೆ, ಟನ್ನಿನ ಲೆಕ್ಕದಲ್ಲಿ ಕಬ್ಬು ಕೊಳ್ಳುವ ಕಾರ್ಖಾನೆಗಳೂ ಸರಕಾರವೂ ಹೊರಬೇಕು, ಬ್ರೇಕಿಲ್ಲದ ಟ್ರ್ಯಾಲಿಯನ್ನು ಕಾರ್ಖಾನೆಯ ಗೇಟಿನೊಳಗೆ ಬಿಡಬಾರದು. ಹೊಸ ಹಂಗಾಮಿಗೆ ಮುಂಚೆಯೇ ಇದು ಆಗಬೇಕಾದ ಕೆಲಸ.